ಕಸಬರಿಗೆ ಕ್ರಾಂತಿಯ ಐದು ಕಾರಣಗಳು

ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಸರೋಜಾ ಟೀಚರ್ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನೌಕರಿಯಲ್ಲಿದ್ದಾಗಲೂ ಇತ್ತು, ನಿವೃತ್ತಿಯಾದ ಮೇಲೂ ಇದೆ. ಮಾತ್ರೆ ನುಂಗಿದರೆ ಬಿ.ಪಿ. ಇಳಿಯುತ್ತದೆ, ಇದು ಇಳಿಯುವುದಿಲ್ಲ. ಆಕೆ ನನಗೆ ಯಾವ ಕೆಡುಕನ್ನೂ ಮಾಡಿದವರಲ್ಲ. ನನ್ನ ಮಗಳ ಮದುವೆಗೆ ಮೊದಲೇ ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಬಂದವರಿಗೆಲ್ಲ ನಿಂತು ಬಡಿಸಿದವರು. ಅದರಿಂದ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಅದಕ್ಕೆ ನೆಪವೂ ಇಲ್ಲದಂತಾಯಿತು, ಅಷ್ಟೇ.

ನಾನು ನದಾಫ ಸರ್. ಊರು ಸಿಂದಗಿ ತಾಲ್ಲೂಕಿನ ಮೋರಟಗಿ. ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕೂ ತಾಲ್ಲೂಕುಗಳ ಸೀಮೆಸುಣ್ಣದ ಪುಡಿ ಕುಡಿದು ಮನೆಗೆ ಬಂದವನು. ಈಗ ನನ್ನ ತಂಗಿಯ ಮಗಳು ಪರ್ವೀನ್ ಅದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು ಎದುರಿಗೆ ಕುಳಿತು ಕೇಳಿದಳು.

"ಮಾಮು, ಮುಂದಿನ ವಾರ ಫ್ರಾನ್ಸಿನ ಕ್ರಾಂತಿ ಪಾಠ ಐತಿ. ಕಾರಣಗೋಳನ್ನ ಹೆಂಗ ಹೇಳಿಕೊಡಬೇಕ್ರಿ?"

ನನಗೆ ಎದೆ ತುಂಬಿ ಬಂತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಸರೋಜಾ ಟೀಚರ್ ಅವರನ್ನ ಕೇಳಿದ್ರ ಛಲೋ ಅಂತ ಎಲ್ಲಾರೂ ಅಂತಾರ. ಅವರ ನಂಬರ್ ಐತೇನ್ರಿ ನಿಮ್ಮ ಕಡೆ?"

ಸ್ವಂತ ತಂಗಿಯ ಮಗಳು! ನಂಬರ್ ನನ್ನ ಫೋನಿನಲ್ಲಿತ್ತು. ಹುಡುಕಿದ ಹಾಗೆ ಮಾಡಿ, ಸಿಗಲಿಲ್ಲ ಎಂದೆ. ಅದರ ಬದಲಿಗೆ ಇದನ್ನು ಬರೆದುಕೊಡುತ್ತಿದ್ದೇನೆ. ಪರ್ವೀನ್ ಓದಲಿ, ಅವಳ ಓರಗೆಯವರೂ ಓದಲಿ.

ಪಾಠಪುಸ್ತಕದಲ್ಲಿ ಕ್ರಾಂತಿ ಹೇಗೆ ಆಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅಲ್ಲಿ ಯಾರಿಗೂ ಏಕಾಏಕಿ ಸಿಟ್ಟು ಬರುವುದಿಲ್ಲ. ಮೊದಲು ಸಾಮಾಜಿಕ ಕಾರಣ ಬರುತ್ತದೆ. ಅದರ ಬೆನ್ನಿಗೆ ಆರ್ಥಿಕ ಕಾರಣ, ಆಮೇಲೆ ರಾಜಕೀಯ ಕಾರಣ, ಆಮೇಲೆ ತತ್ವಜ್ಞಾನಿಗಳ ಪ್ರಭಾವ. ಎಲ್ಲ ಬಂದು ಪ್ರಾರ್ಥನೆಯ ಸಾಲಿನಂತೆ ಶಿಸ್ತಾಗಿ ನಿಂತ ಮೇಲೆ ತಕ್ಷಣದ ಕಾರಣ ಬಂದು ಗಂಟೆ ಬಾರಿಸುತ್ತದೆ. ಕ್ರಾಂತಿ ಶುರುವಾಗುತ್ತದೆ. ಕೆಳಗೆ ಪರಿಣಾಮಗಳು, ಅದರ ಕೆಳಗೆ ಅಭ್ಯಾಸದ ಪ್ರಶ್ನೆಗಳು. ನನ್ನ ಕಾಲದಲ್ಲಿ ಪುಸ್ತಕ ಎಷ್ಟೋ ಸಲ ಬದಲಾಯಿತು, ರಕ್ಷಾಪುಟದ ಬಣ್ಣ ಬದಲಾಯಿತು, ಚಿತ್ರಗಳು ಬಂದವು. ಈ ಸಾಲು ಮಾತ್ರ ಕದಲಲಿಲ್ಲ.

ನನ್ನ ಮೊದಲ ನೌಕರಿ ಇಂಡಿ ತಾಲ್ಲೂಕಿನಲ್ಲಿ. ಮೈಯಲ್ಲಿ ಹೊಸ ಸಫಾರಿ, ತಲೆಯಲ್ಲಿ ಇಡೀ ಯುರೋಪು. ಬ್ರೆಡ್ಡಿನ ಬೆಲೆ ಏರಿತು, ಜನರಿಗೆ ಬ್ರೆಡ್ ಸಿಗದಂತಾಯಿತು, ಜನ ದಂಗೆ ಎದ್ದರು ಎಂದು ಮೇಜು ಗುದ್ದಿ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು.

"ಸರ್, ಬ್ರೆಡ್ ಜ್ವರಾ ಬಂದಾಗ ತಿಂತಾರಲ್ರಿ. ಅಲ್ಲಿ ಮಂದಿಗೆಲ್ಲ ಜ್ವರಾ ಬಂದಿತ್ತೇನ್ರಿ?"

ನಮ್ಮ ಕಡೆ ಆಗ ಬ್ರೆಡ್ ಎಂದರೆ ಅಷ್ಟೇ. ಡಾಕ್ಟರು ಹೇಳಿದರೆ ಚಹಾದಲ್ಲಿ ಅದ್ದಿ ರೋಗಿಗೆ ತಿನ್ನಿಸುವ ಪದಾರ್ಥ. ಜೋಳದ ರೊಟ್ಟಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಹೊಳೆಯಲಿಲ್ಲ. "ಪುಸ್ತಕದಾಗ ಹೆಂಗ ಐತಿ ಹಂಗ ಬರೀ, ಕೂಡು" ಎಂದೆ. ಕಿರುಪರೀಕ್ಷೆಯಲ್ಲಿ ಅರ್ಧ ವರ್ಗ ಬರೆದಿತ್ತು: ಫ್ರಾನ್ಸಿನ ಜನರಿಗೆ ಜ್ವರ ಬಂದು, ಬ್ರೆಡ್ ಸಿಗದೆ, ಕ್ರಾಂತಿಯಾಯಿತು. ಜ್ವರಕ್ಕೂ ಅರ್ಧ ಅಂಕ ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಸಿಂದಗಿ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಒಬ್ಬ ಹಿರಿಯ ಮುಖ್ಯಗುರುಗಳಿದ್ದರು. ಧೋತರ ಉಟ್ಟು, ಕೈಯಲ್ಲಿ ಕೊಡೆ ಹಿಡಿದು, ವರ್ಗದ ಕಿಟಕಿಯ ಹೊರಗೆ ನಿಂತು ನಮ್ಮ ಪಾಠ ಕೇಳುತ್ತಿದ್ದರು. ನನ್ನ ಪಾಠ ಕೇಳಿದ ಮೇಲೆ ಕರೆದು ಕೂರಿಸಿದರು.

"ನದಾಫ ಅವರ, ನೀವು ಭಾಳ ಮಾತಾಡ್ತೀರಿ. ಹುಡುಗೂರ ತಲ್ಯಾಗ ಮಾತು ನಿಂದ್ರೂದಿಲ್ಲ. ಪುಸ್ತಕಾನ ಹಿಂಡ್ರಿ. ಹಿಂಡಿ ಹಿಂಡಿ ಉಳಿದದ್ದನ್ನ ಪಾಯಿಂಟ್ ಮಾಡಿ ಬಾಯಿಗೆ ಹಾಕ್ರಿ."

ಅವರ ಮಾತು ನನ್ನ ಜೀವನವನ್ನು ರೂಪಿಸಿತು. ಅಂದಿನಿಂದ ನಾನು ಹಿಂಡತೊಡಗಿದೆ. ಪುಸ್ತಕದ ಒಂದು ಪುಟ ನನ್ನ ಕೈಗೆ ಬಂದರೆ ಒಂದು ವಾಕ್ಯವಾಗಿ ಹೊರಗೆ ಬೀಳುತ್ತಿತ್ತು. ಫ್ರಾನ್ಸಿನ ಸಮಾಜದ ಬಗ್ಗೆ ಪುಸ್ತಕ ಏನೇನೋ ಹೇಳುತ್ತಿತ್ತು, ಪಾದ್ರಿಗಳು, ಶ್ರೀಮಂತರು, ಉಳಿದವರು, ಯಾರು ಯಾವ ತೆರಿಗೆ ಕೊಡುತ್ತಿದ್ದರು, ಯಾರು ಕೊಡುತ್ತಿರಲಿಲ್ಲ. ಅದನ್ನೆಲ್ಲ ಹಿಂಡಿ ನಾನು ಮಾಡಿದ ವಾಕ್ಯ ಇದು: "ಮೊದಲೆರಡು ವರ್ಗಗಳಿಗೆ ಎಲ್ಲ ಸವಲತ್ತುಗಳಿದ್ದವು, ಎಲ್ಲ ಹೊರೆಯನ್ನು ಮೂರನೆಯ ವರ್ಗವೇ ಹೊರುತ್ತಿತ್ತು." ಈ ವಾಕ್ಯದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಹೇಳುವಾಗ ಮೊದಲ ಅರ್ಧಕ್ಕೆ ದನಿ ಏರಬೇಕು, ಎರಡನೆಯ ಅರ್ಧಕ್ಕೆ ಇಳಿಯಬೇಕು. ಹಾಗೆ ರಾಗ ಕಟ್ಟಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಪ್ರತಿ ಸೋಮವಾರ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದೆ. ತಪ್ಪಿದವರು ಬಾಗಿಲ ಹೊರಗೆ.

ಈ ಹತ್ಯಾರದೊಂದಿಗೆ ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಶಾಲೆಗೆ ಬಂದೆ. ಊರಿನ ಹೆಸರು ಬೇಡ. ಒಂಬತ್ತನೆಯ ತರಗತಿಗೆ ಎ ಮತ್ತು ಬಿ ಎಂದು ಎರಡು ವಿಭಾಗಗಳಿದ್ದವು. ಎ ವಿಭಾಗ ನನ್ನದು. ಬಿ ವಿಭಾಗ ಸರೋಜಾ ಟೀಚರ್ ಅವರದು.

ಅವರ ಊರು ಮಸೂತಿ. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಸರ್ವಿಸ್ಸಿನಲ್ಲೂ ಚಿಕ್ಕವರು. ಯಾವಾಗಲೂ ನಗುಮುಖ. ಅವರು ಬಂದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ನಗಿಸಲೆಂದು, ಇಂಡಿಯ ಜ್ವರದ ಕತೆ ಹೇಳಿದೆ. ಎಲ್ಲರೂ ನಕ್ಕರು. ಸರೋಜಾ ಟೀಚರ್ ನಗಲಿಲ್ಲ. ಮರುದಿನ ಡಬ್ಬಿಯಲ್ಲಿ ಒಂದು ಜೋಳದ ರೊಟ್ಟಿ ತಂದು ಬಿ ವಿಭಾಗದ ಮೇಜಿನ ಮೇಲೆ ಇಟ್ಟರು. ನಡುಗೋಡೆಯ ಮೇಲೆ ಚಾವಣಿಯವರೆಗೆ ಜಾಗ ಖಾಲಿ ಇತ್ತು, ಅಲ್ಲಿನ ಮಾತು ಇಲ್ಲಿ ಕೇಳುತ್ತಿತ್ತು.

"ನಿಮ್ಮ ಅಪ್ಪ ದಿನವೆಲ್ಲ ದುಡದು ಬಂದ ಪಗಾರಕ್ಕ ಇದೊಂದ ರೊಟ್ಟಿ ಬರ್ತೈತಿ ಅಂತ ತಿಳೀರಿ. ಮನ್ಯಾಗ ಎಷ್ಟ ಮಂದಿ ಅದೀರಿ? ಯಾರ ತಿಂತೀರಿ, ಯಾರ ಬಿಡ್ತೀರಿ?"

ನನ್ನ ಎ ವಿಭಾಗವೆಲ್ಲ ಗೋಡೆಯ ಕಡೆ ಕಿವಿ ತಿರುಗಿಸಿತು. ಜ್ವರ ನನ್ನದು, ರೊಟ್ಟಿ ಅವರದು. ನನ್ನ ಪ್ರಮಾದವನ್ನು ಬಿಟ್ಟಿಯಾಗಿ ಒಯ್ದು ಪಾಠ ಮಾಡಿಬಿಟ್ಟರಲ್ಲ ಎಂದು ನನ್ನ ಹೊಟ್ಟೆ ಉರಿದ ರೀತಿಯನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು. ಅಷ್ಟಕ್ಕೇ ಬಿಡಲಿಲ್ಲ ಅವರು. ವರ್ಗದ ಮೂಲೆಯಲ್ಲಿ ಕುಡಿಯುವ ನೀರಿನ ಕೊಡ ಇರುತ್ತಿತ್ತು. ಬೋರಿನಿಂದ ಅದನ್ನು ಮಕ್ಕಳು ಪಾಳಿಯ ಪ್ರಕಾರ ತುಂಬಿ ತರಬೇಕು. ಸರೋಜಾ ಟೀಚರ್ ಒಂದು ಆಟ ಹೂಡಿದರು. ಮುಂದಿನ ಎರಡು ಬೆಂಚಿನವರು ಬೇಕಾದಷ್ಟು ಕುಡಿಯಬಹುದು, ನೀರು ತರುವಂತಿಲ್ಲ. ಹಿಂದಿನವರು ತರಬೇಕು, ಉಳಿದರೆ ಕುಡಿಯಬೇಕು. ಕೆಲವೇ ದಿನಗಳಲ್ಲಿ ಹಿಂದಿನ ಬೆಂಚಿನವರು ಎದ್ದು ಕೊಡವನ್ನು ಎತ್ತಿ ತಮ್ಮ ನಡುವೆ ಇಟ್ಟುಕೊಂಡು ಕುಳಿತರು. ಟೀಚರ್ ಒಳಗೆ ಬಂದು, ಕೊಡ ನೋಡಿ, ಬೋರ್ಡಿನ ಮೇಲೆ "ಕಾರಣಗಳು" ಎಂದು ಬರೆದು ಸೀಮೆಸುಣ್ಣವನ್ನು ಮಕ್ಕಳ ಕೈಗೇ ಕೊಟ್ಟರಂತೆ.

ಊರೆಲ್ಲ ಅದೇ ಮಾತು. ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುವಾಗ ಯಾರೋ ಪಾಲಕರು ನನ್ನನ್ನು ಹಿಡಿದು, "ನಿಮ್ಮ ಸಾಲ್ಯಾಗ ಕೊಡದ ಪಾಠ ಮಾಡ್ಯಾರಲ್ರಿ, ಅವರು ನೀವ ಏನ್ರಿ?" ಎಂದು ಕೇಳಿದರು. ಅಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ನನ್ನ ಚಹಾ ತಣ್ಣಗಾಯಿತು.

ನನ್ನ ಎ ವಿಭಾಗದಲ್ಲಿ ಅಂಥದ್ದೇನೂ ನಡೆಯುತ್ತಿರಲಿಲ್ಲ. ಸೋಮವಾರ ಬರುತ್ತಿತ್ತು, ನಾನು ಕೇಳುತ್ತಿದ್ದೆ, ಮಕ್ಕಳು ಹೇಳುತ್ತಿದ್ದರು. ಒಂದು ವಿಚಿತ್ರವೆಂದರೆ ಹುಡುಗಿಯರು ಒಂದಕ್ಷರ ತಪ್ಪದೆ ಹೇಳುತ್ತಿದ್ದರು, ಹುಡುಗರು ತಡವರಿಸುತ್ತಿದ್ದರು. ಹುಡುಗಿಯರು ಶ್ರದ್ಧೆಯವರು ಎಂದುಕೊಂಡು ಸುಮ್ಮನಾದೆ.

ಆಗಿನ ಒಂದು ರೂಢಿ ಹೇಳಬೇಕು. ಬೆಳಿಗ್ಗೆ ಹುಡುಗಿಯರು ಬೇಗ ಬಂದು ವರ್ಗ, ವರಾಂಡ, ಆಫೀಸು ಎಲ್ಲ ಕಸ ಹೊಡೆಯಬೇಕು. ಹುಡುಗರು ಅಷ್ಟು ಹೊತ್ತು ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದರು. ಇದನ್ನು ಯಾರೂ ನಿಯಮವೆಂದು ಬರೆದಿರಲಿಲ್ಲ. ಸೂರ್ಯ ಹುಟ್ಟುವ ಹಾಗೆ ಅದೂ ನಡೆಯುತ್ತಿತ್ತು, ನಾವೂ ನೋಡುತ್ತಿದ್ದೆವು. ಒಂದು ಶನಿವಾರ ಮೇಲಿನವರು ಶಾಲೆ ನೋಡಲು ಬರುತ್ತಾರೆಂದು ನಮ್ಮ ಮುಖ್ಯಗುರುಗಳು ಬಯಲನ್ನೂ ಕಸ ಹೊಡೆಯಲು ಹುಡುಗಿಯರಿಗೆ ಹೇಳಿದರು. ನಾನು ಶಾಲೆಗೆ ಬಂದಾಗ ಬಯಲಿನ ಕಸ ಬಹುಪಾಲು ಹಾಗೇ ಬಿದ್ದಿತ್ತು. ಆಫೀಸಿನ ಹೊಸ್ತಿಲ ಮೇಲೆ ಕಸಬರಿಗೆಗಳ ರಾಶಿ. ಎರಡೂ ವಿಭಾಗದ ಹುಡುಗಿಯರು ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ, ಕೈ ಕಟ್ಟಿ, ನಿಂತಿದ್ದರು.

"ಕಸಾ ಯಾಕ ಹೊಡದಿಲ್ಲ?" ಮುಖ್ಯಗುರುಗಳು ಗುಡುಗಿದರು.

ಸಾಲಿನ ಒಳಗಿನಿಂದ ಒಂದು ದನಿ ಬಂತು. "ಹುಡುಗೂರೂ ಹೊಡೀಲ್ರಿ ಸರ್." ಯಾರೆಂದು ತಿಳಿಯಲಿಲ್ಲ. ಕೇಳಿದರೆ ಯಾರೂ ಹೇಳಲಿಲ್ಲ. ಬೈದರು, ಹೆದರಿಸಿದರು, ಪಾಲಕರನ್ನು ಕರೆಸುತ್ತೇನೆ ಎಂದರು. ಕಟ್ಟಿದ ಕೈ ಒಂದೂ ಬಿಚ್ಚಲಿಲ್ಲ. ಕೊನೆಗೆ ಶಾಲೆಯ ಜವಾನನೇ ಬಯಲು ಗುಡಿಸಿದ.

ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣು ಸರೋಜಾ ಟೀಚರ್ ಮೇಲೆ. ಕೊಡದಿಂದ ಕಸಬರಿಗೆಗೆ ಬಂತು ಎಂದರು. ಅವರು, "ನಾ ಏನೂ ಹೇಳಿಲ್ರಿ" ಎಂದರು, ಆದರೆ ಮುಖದಲ್ಲಿ ಖುಷಿ ತುಂಬಿ ತುಳುಕುತ್ತಿತ್ತು. ನಾನು ಅಲ್ಲಿಂದ ಎದ್ದು ಹೋದೆ.

ಮಧ್ಯಾಹ್ನ ಮುಖ್ಯಗುರುಗಳು ನನ್ನನ್ನು ಕರೆದರು. "ನದಾಫ ಸರ್, ನಿಮ್ಮ ಪಾಯಿಂಟ್ ಅಂದ್ರ ನನಗ ಭಾಳ ಭರೋಸಾ. ಇದು ಯಾಕ ಆತು, ಹೆಂಗ ಆತು, ಸ್ವಚ್ಛ ಬರದು ಕೊಡ್ರಿ. ಬಿಇಒ ಸಾಹೇಬರಿಗೆ ಕಳಸಬೇಕು."

ಅಲ್ಲಿಯವರೆಗೆ ನಾನು ಯಾವ ವರದಿಯನ್ನೂ ಬರೆದವನಲ್ಲ. ಯಾವುದಾದರೂ ಯಾಕೆ ಆಯಿತು ಎಂದು ಕೇಳಿದರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಪದ್ಧತಿ. ಕುಳಿತು ಬರೆದೆ. ಸಾಮಾಜಿಕ ಕಾರಣ: ಶಾಲೆಯಲ್ಲಿ ಎರಡು ವರ್ಗಗಳಿದ್ದು, ಒಂದು ವರ್ಗ ಆಡುತ್ತಿದ್ದಾಗ ಇನ್ನೊಂದು ವರ್ಗ ದುಡಿಯುತ್ತಿತ್ತು. ಆರ್ಥಿಕ ಕಾರಣ: ಕಸಬರಿಗೆಗಳು ಸವೆದಿದ್ದರೂ ಹೊಸದನ್ನು ಕೊಳ್ಳದೆ, ಮನೆಯಿಂದ ತರಲು ಹೇಳಲಾಗುತ್ತಿತ್ತು. ರಾಜಕೀಯ ಕಾರಣ: ಅಧಿಕಾರದಲ್ಲಿದ್ದವರು ಪ್ರಜೆಗಳ ದೂರುಗಳಿಗೆ ಕಿವಿಗೊಡುತ್ತಿರಲಿಲ್ಲ.

ನಾಲ್ಕನೆಯ ಶೀರ್ಷಿಕೆಗೆ ಬಂದು ಪೆನ್ನು ನಿಂತಿತು. ತತ್ವಜ್ಞಾನಿಗಳ ಪ್ರಭಾವ. ಅಲ್ಲಿ ಯಾರ ಹೆಸರು ಬರೆಯುವುದು? ಶಿಕ್ಷೆಯಾದೀತು ಎಂಬ ಹೆದರಿಕೆಯಿಂದ ಪೆನ್ನು ನಿಲ್ಲಲಿಲ್ಲ, ಸುಳ್ಳು ಹೇಳುವುದಿಲ್ಲ. ಆ ಶೀರ್ಷಿಕೆ ಎಂದರೆ ಮಾನದ ಜಾಗ. ಪುಸ್ತಕದಲ್ಲಿ ಅಲ್ಲಿ ಜಗತ್ತಿನ ದೊಡ್ಡ ದೊಡ್ಡವರು ಕುಳಿತಿರುತ್ತಾರೆ. ಅಲ್ಲಿ ನನ್ನ ಕೈಯಿಂದಲೇ ಆಕೆಯನ್ನು ಕೂರಿಸಬೇಕೇ? ನನ್ನ ಹೆಸರು ಅಲ್ಲಿ ಬರಲು ಸಾಧ್ಯವೇ ಎಂದು ಒಂದು ಗಳಿಗೆ ಯೋಚಿಸಿದೆ. ನಗು ಬಂತು. ಬಾಯಿಪಾಠದಿಂದ ಯಾರು ದಂಗೆ ಏಳುತ್ತಾರೆ? ಶೀರ್ಷಿಕೆಯನ್ನು ಖಾಲಿ ಬಿಡುವುದು ನನ್ನ ಸ್ವಭಾವವಲ್ಲ. ಹಲ್ಲು ಕಚ್ಚಿ ಬರೆದೆ: "ಬಿ ವಿಭಾಗದ ಶಿಕ್ಷಕಿಯವರ ಬೋಧನೆಯು ವಿದ್ಯಾರ್ಥಿನಿಯರಲ್ಲಿ ಸಮಾನತೆಯ ಭಾವನೆಯನ್ನು ಜಾಗೃತಗೊಳಿಸಿತು." ತಕ್ಷಣದ ಕಾರಣ, ಬಯಲು ಗುಡಿಸುವ ಆದೇಶ. ಕೊನೆಗೆ ಕೈ ತಡೆಯದೆ ಪರಿಣಾಮಗಳನ್ನೂ ಬರೆದುಬಿಟ್ಟೆ: "ಹಳೆಯ ವ್ಯವಸ್ಥೆ ಕೊನೆಗೊಂಡು, ಎರಡೂ ವರ್ಗಗಳು ಕೆಲಸವನ್ನು ಸಮನಾಗಿ ಹಂಚಿಕೊಂಡವು."

ಮುಖ್ಯಗುರುಗಳು ಓದುತ್ತ ಓದುತ್ತ ಕನ್ನಡಕ ತೆಗೆದರು. "ರಾಜಕೀಯ ಕಾರಣದಾಗ ಅಧಿಕಾರದಾಗ ಇದ್ದಾವ್ರು ಅಂದ್ರ ಯಾರ್ರಿ?"

"ಯಾರೂ ಅಲ್ರಿ ಸರ್. ಅದು ಹಂಗ ಬರಿಯೂ ಪದ್ಧತಿ."

"ಮತ್ತ ಪರಿಣಾಮ ಅಂತ ಬರದೀರಿ. ಇನ್ನೂ ಏನೂ ಆಗೇ ಇಲ್ಲಲ್ರಿ?"

"ಪರಿಣಾಮ ಇಲ್ಲಂದ್ರ ಉತ್ತರ ಪೂರ್ಣ ಆಗೂದಿಲ್ರಿ."

ತಿದ್ದಿ ಬರೆಸಲು ಅವರಿಗೆ ಸಮಯ ಸಿಗಲಿಲ್ಲ. ಬಿಇಒ ಸಾಹೇಬರು ತಾವೇ ಬಂದರು. ವರದಿ ಓದಿ ಹೊಟ್ಟೆ ಹಿಡಿದು ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ಓದಿದರು. ಆಮೇಲೆ ಮುಖ್ಯಗುರುಗಳ ಕಡೆ ತಿರುಗಿ, "ಪರಿಣಾಮ ಇವರ ಬರದ ಬಿಟ್ಟಾರಲ್ರಿ, ಅದನ್ನ ಮಾಡಿಬಿಡ್ರಿ" ಎಂದರು. ಸೋಮವಾರದಿಂದ ಹುಡುಗರ ಕೈಗೂ ಕಸಬರಿಗೆ ಬಂತು. ನನ್ನ ವಾಕ್ಯ ಹಾಗೆ ಜಾರಿಯಾದದ್ದು ನಾನು ಹೆಮ್ಮೆಪಡುವ ವಿಷಯ. ಆದರೆ ಸಾಹೇಬರು ಹೋಗುವ ಮುಂಚೆ ಕೇಳಿದ ಪ್ರಶ್ನೆ ಬೇರೆ. "ಈ ಬಿ ವಿಭಾಗದ ಟೀಚರ್ ಯಾರ್ರಿ? ಕರೀರಿ ಅವರನ್ನ."

ಅಲ್ಲಿಂದ ಸರೋಜಾ ಟೀಚರ್ ಹಿಂತಿರುಗಿ ನೋಡಲಿಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲಿ ತರಬೇತಿ ನಡೆದರೂ ಅವರಿಗೆ ಕರೆ. ನಾನು ಮುದ್ದೇಬಿಹಾಳ ತಾಲ್ಲೂಕಿಗೆ ವರ್ಗವಾಗಿ ಹೋದೆ, ಅವರಿಂದ ದೂರ ಬಂದೆ ಎಂದು ನೆಮ್ಮದಿಯಾಗಿದ್ದೆ. ಮೊದಲ ಬೇಸಿಗೆಯ ತರಬೇತಿಗೆ ಹೋಗಿ ಕುಳಿತರೆ ಎದುರಿಗೆ ಮೈಕು ಹಿಡಿದು ನಿಂತವರು ಅವರೇ. ನಾನು ಕೇಳುವವರ ಸಾಲಿನಲ್ಲಿ, ಕೈಯಲ್ಲಿ ಅವರೇ ಹಂಚಿದ ಬಿಸ್ಕೀಟು.

"ಇಲ್ಲಿ ನಮ್ಮ ನದಾಫ ಸರ್ ಅದಾರ. ಕಸಬರಿಗಿ ಕ್ರಾಂತಿಗೆ ಐದು ಕಾರಣ ಬರದಾವ್ರು ಅವರ" ಎಂದರು. ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಅವರು ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಕ್ರಾಂತಿ ಅವರದು, ನಾನು ಅದರ ಗುಮಾಸ್ತ. ಬಿಸ್ಕೀಟನ್ನು ಪಕ್ಕದವರ ಕೈಗೆ ದಾಟಿಸಿದೆ.

ಆಮೇಲೆ ಕಾಲವೂ ಅವರ ಕಡೆಗೇ ತಿರುಗಿತು. ಚಟುವಟಿಕೆ ಎಂದರು, ಯೋಜನೆ ಎಂದರು, ಬಾಯಿಪಾಠ ಮಾಡಿಸಬೇಡಿ ಎಂದು ಸುತ್ತೋಲೆ ಬಂತು. ಗೋಡೆಯ ಮೇಲೆ ಪರದೆ ಇಳಿಸಿ ಪ್ರೊಜೆಕ್ಟರಿನಲ್ಲಿ ಕ್ರಾಂತಿ ತೋರಿಸತೊಡಗಿದರು. ಕರೆಂಟು ಹೋದರೆ ಕ್ರಾಂತಿಯೂ ನಿಲ್ಲುತ್ತಿತ್ತು. ಆಗ ಮಕ್ಕಳು ನನ್ನ ಮುಖ ನೋಡುತ್ತಿದ್ದರು, ನಾನು ಸುತ್ತೋಲೆ ಮರೆತು ಮೆಲ್ಲಗೆ ರಾಗ ತೆಗೆಯುತ್ತಿದ್ದೆ. ಉಳಿದ ಸರ್ವಿಸ್ಸೆಲ್ಲ ಹಾಗೇ ಕಳೆಯಿತು. ಒಂದು ಆಸೆ ಮಾತ್ರ ಒಳಗೆ ಕುಟುಕುತ್ತಿತ್ತು. ಎಲ್ಲೋ ಒಬ್ಬರಾದರೂ, ಒಂದೇ ಒಂದು ಮಗುವಾದರೂ, ನದಾಫ ಸರ್ ಪಾಠದಿಂದ ನನಗೆ ಹೀಗಾಯಿತು ಎಂದು ಹೇಳಬೇಕು. ಯಾರೂ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ಕಾಲು ಮುಟ್ಟಿ ನಮಸ್ಕರಿಸಿ, "ಸರೋಜಾ ಟೀಚರ್ ಆರಾಮ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ ಗುರುವಂದನೆ ಇಟ್ಟುಕೊಂಡರು. ನಮಗಿಬ್ಬರಿಗೂ ಶಾಲು ಹೊದಿಸಿದರು. ಅವರದು ರೇಷ್ಮೆಯದು, ನನ್ನದು ಅಲ್ಲ. ಇರಬಹುದು, ನಾನೇ ಸರಿಯಾಗಿ ನೋಡಿಲ್ಲವೇನೋ. ಮೈಕು ಹಿಡಿದ ಹುಡುಗ, ಈಗ ಅವನ ತಲೆಯಲ್ಲೂ ಬಿಳಿ ಕೂದಲು, ಕೊಡದ ಪಾಠ ಹೇಳಿದ, ಕಸಬರಿಗೆಯ ಕ್ರಾಂತಿ ಹೇಳಿದ, "ಅದಕ್ಕ ಕಾರಣ ನಮ್ಮ ಸರೋಜಾ ಟೀಚರ್" ಎಂದ. ಮಂಟಪವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಪಕ್ಕದಲ್ಲೇ ಕುಳಿತು ಹೊಡೆಯದೆ ಇರುವುದು ಹೇಗೆ?

ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಒಬ್ಬ ಹೆಣ್ಣುಮಗಳು ತಂಬಿಗೆ ಹಿಡಿದು ನನ್ನ ಕೈಗೆ ನೀರು ಹಾಕಿದಳು.

"ಗುರ್ತ ಸಿಕ್ಕತೇನ್ರಿ ಸರ್? ಎ ವಿಭಾಗದ ರೇಣುಕಾರಿ. ಹಿಪ್ಪರಗ್ಯಾಗ ಹೊಲಿಗಿ ಅಂಗಡಿ ಇಟ್ಟೇನಿ."

ಗುರುತು ಸಿಕ್ಕಿತು. ಸೋಮವಾರ ಒಂದಕ್ಷರ ತಪ್ಪದವಳು. ಅವಳು ಸುತ್ತ ನೋಡಿ, ದನಿ ಇಳಿಸಿ ಹೇಳಿದಳು. "ಒಂದ ಮಾತು ಹೇಳ್ತೇನಿ, ಬ್ಯಾಸರಾ ಮಾಡಕೋಬ್ಯಾಡ್ರಿ. ಅವತ್ತ ಮೊದಲ ಕಸಬರಿಗಿ ಇಟ್ಟಾಕಿ ನಾನು. ಅದು ಟೀಚರ್ ಪಾಠದ್ದಲ್ರಿ. ನಿಮ್ಮದು."

"ನಂದು?"

"ನಿಮ್ಮ ಸೋಮವಾರದ ಅಂಜಿಕಿಗೆ ನಾವು ದಿನಾ ಕಸಾ ಹೊಡಕೋತ ಪಾಯಿಂಟ್ ಹೇಳಕೋತಿದ್ವಿ. ಒಂದ ಸಲ ಬೀಸಿದ್ರ ಮೊದಲೆರಡು ವರ್ಗಗಳು, ಇನ್ನೊಂದ ಸಲ ಬೀಸಿದ್ರ ಮೂರನೆಯ ವರ್ಗ. ಕೈಗೂ ಬಾಯಿಗೂ ತಾಳ ಹತ್ತಿತ್ತು. ಆ ಶನಿವಾರ ಬಯಲಾಗ ಬಗ್ಗಿ ಕಸಾ ಹೊಡಕೋತ ಅದನ್ನ ಹೇಳಾಕತ್ತಿದ್ದೆ. ಕಬಡ್ಡಿ ಹುಡುಗೂರು, ದೂಳ ಬರ್ತೈತಿ, ಆ ಕಡೆ ಹೊಡೀರಿ ಅಂದ್ರು. ನನಗ ಫ್ರಾನ್ಸ್ ಅಂದ್ರ ಇದ ಅಲ್ಲೇನು ಅಂತ ಅನಸ್ತು. ಕಸಬರಿಗಿ ಒಯ್ದು ಹೊಸ್ತಿಲ ಮ್ಯಾಲ ಇಟ್ಟೆ. ನನ್ನ ನೋಡಿ ಎಲ್ಲಾರೂ ಇಟ್ರು."

ನನ್ನ ಕೈಯಿಂದ ನೀರು ಸುರಿಯುತ್ತಲೇ ಇತ್ತು. "ಅವತ್ತ ಯಾಕ ಹೇಳಲಿಲ್ಲವಾ ತಂಗಿ?"

"ಯಾರೂ ಕೇಳಲಿಲ್ಲಲ್ರಿ. ನೀವು ಕಾರಣ ಬರಿಯೂ ಮುಂದ ನಮ್ಮನ್ನ ಕೇಳಿದ್ರೇನ್ರಿ?"

ಕೇಳಿರಲಿಲ್ಲ. ಐದು ಕಾರಣ ಬರೆದಿದ್ದೆ, ಪರಿಣಾಮವನ್ನೂ ಬರೆದಿದ್ದೆ, ಕಸಬರಿಗೆ ಹಿಡಿದ ಒಬ್ಬಳನ್ನೂ ಕೇಳಿರಲಿಲ್ಲ. ನನ್ನ ಪುಸ್ತಕವೂ ಬಹುಶಃ ಹಾಗೆಯೇ ಬರೆದದ್ದು ಇರಬೇಕು. ಮಾನದ ಜಾಗ ನನ್ನದಾಗಿತ್ತು, ನನ್ನ ಕೈಯಿಂದಲೇ ಅದನ್ನು ಗೋಡೆಯಾಚೆ ದಾಟಿಸಿದ್ದೆ. ನೌಕರಿಯ ಮುಕ್ಕಾಲು ಭಾಗ ನಾನು ಹೊಟ್ಟೆಕಿಚ್ಚುಪಟ್ಟದ್ದು ನನ್ನದೇ ಸ್ವತ್ತಿನ ಮೇಲೆ.

"ಈಗ ಹೋಗಿ ಮೈಕಿನಾಗ ಹೇಳು" ಎಂದೆ. ನಾಚಿಕೆ ಬಿಟ್ಟು ಎರಡು ಸಲ ಹೇಳಿದೆ.

"ಟೀಚರ್ ಭಾಳ ಖುಷಿ ಅದಾರ್ರಿ. ಇರಲಿ ಬಿಡ್ರಿ" ಎಂದು ತಂಬಿಗೆ ಇಟ್ಟು ಬಡಿಸಲು ಹೋದಳು.

ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಸರೋಜಾ ಟೀಚರ್ ಕುಳಿತಿದ್ದರು. ಎಣ್ಣೆಗಾಯಿ, ರೊಟ್ಟಿ, ಹೋಳಿಗೆ. ಎದುರಿನ ಸಾಲಿನಲ್ಲಿ ಅವತ್ತು ಕೈ ಕಟ್ಟಿ ನಿಂತಿದ್ದ ಹುಡುಗಿಯರೇ, ಈಗ ನೆರೆಗೂದಲಿನವರು, ಒಬ್ಬರನ್ನೊಬ್ಬರು ಚುಡಾಯಿಸುತ್ತ ಊಟಕ್ಕೆ ಕುಳಿತಿದ್ದರು. ರೇಣುಕಾ ಇರಲಿ ಬಿಡಿ ಎಂದಿದ್ದಳು. ನನ್ನಿಂದ ಇರಗೊಡಲು ಆಗಲಿಲ್ಲ. ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಎಲ್ಲವನ್ನೂ ಸರೋಜಾ ಟೀಚರ್ ಅವರಿಗೆ ಹೇಳಿಬಿಟ್ಟೆ.

ಅವರು ನಕ್ಕರು. ನಂಬಿಕೆಯಿಲ್ಲದ ನಗು. "ಹೌದ್ರಿ? ಬಾಯಿಪಾಠಕ್ಕ ಕಸಬರಿಗಿ ಇಟ್ರಂತೇನ್ರಿ? ಅದೆಂಥಾ ವಾಕ್ಯರಿ ಸರ್ ಅದು? ಹೇಳ್ರಿ ಕೇಳೂಣು."

ಎಲೆಯ ಮುಂದೆ ನೆಟ್ಟಗೆ ಕುಳಿತೆ. ಗಂಟಲು ಸರಿಮಾಡಿಕೊಂಡು, ಎ ವಿಭಾಗದಲ್ಲಿ ನಿಂತ ಹಾಗೆಯೇ, ದನಿ ಏರಿಸಿ ಹೇಳಿದೆ. "ಮೊದಲೆರಡು ವರ್ಗಗಳಿಗೆ ಎಲ್ಲ ಸವಲತ್ತುಗಳಿದ್ದವು..."

ಉಸಿರು ತೆಗೆದುಕೊಳ್ಳಲು ನಿಂತೆ. ಎದುರಿನ ಸಾಲಿನಿಂದ, ರೊಟ್ಟಿ ಮುರಿಯುತ್ತಿದ್ದ ಕೈಗಳು ಹಾಗೇ ನಿಂತು, ಒಂದೇ ದನಿ ಬಂತು. "ಎಲ್ಲ ಹೊರೆಯನ್ನು ಮೂರನೆಯ ವರ್ಗವೇ ಹೊರುತ್ತಿತ್ತು!" ದನಿ ನಾನು ಕಲಿಸಿದಲ್ಲೇ ಇಳಿಯಿತು. ಹೋಳಿಗೆಯ ಬುಟ್ಟಿ ಹಿಡಿದು ನಡುವೆ ನಿಂತಿದ್ದ ರೇಣುಕಾಳ ಬಲಗೈ ತಾನಾಗಿ ಗಾಳಿಯಲ್ಲಿ ಒಮ್ಮೆ ಬೀಸಿತು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸರೋಜಾ ಟೀಚರ್ ನಗಲಿಲ್ಲ. ಅವರು ಎದುರಿನ ಸಾಲನ್ನು ನೋಡಿದರು, ನನ್ನನ್ನು ನೋಡಿದರು, ತುಟಿಯನ್ನು ಒಳಗೆ ಕಚ್ಚಿ ಎಲೆಯ ಕಡೆಗೆ ತಿರುಗಿದರು. ಆ ಮುಖವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಎಷ್ಟೋ ವರ್ಷ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅದೇ ಮುಖದ ಗಡ್ಡ ಹೆರೆದಿದ್ದೇನೆ.

"ಹೋಳಿಗಿ ತಣ್ಣಗ ಆಗಾಕತ್ತಾವ, ಉಣ್ರಿ ಸರ್" ಎಂದರು, ಸ್ವಲ್ಪ ಬಿರುಸಾಗಿ.

ರೇಣುಕಾಳನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.